ತನ್ನ ಭಾರ ತಾನೇ ಹೊತ್ತ ಎಂಜಿನ್

ನೆಲದ ಮೇಲೆ ಕೂತು ದುಡಿಯುವ ಎಂಜಿನ್ನಿಗೆ ತೂಕ ದೊಡ್ಡ ಸಂಗತಿಯಲ್ಲ. ನೀರೆತ್ತುವ ಪಂಪ್‌ಸೆಟ್ಟಿನದಾಗಲಿ, ಅಕ್ಕಿ ಗಿರಣಿಯದಾಗಲಿ, ಭಾರ ಹೆಚ್ಚಿದಷ್ಟೂ ಅದುರಾಟ ಕಡಿಮೆ, ಬಾಳಿಕೆ ಜಾಸ್ತಿ. ವಿಮಾನದ ಎಂಜಿನ್ ಹಾಗಲ್ಲ. ಅದು ಮೊದಲು ತನ್ನ ಭಾರವನ್ನು ತಾನೇ ಎತ್ತಿಕೊಳ್ಳಬೇಕು. ಆಮೇಲೆ ರೆಕ್ಕೆಗಳದ್ದು, ಪೆಟ್ರೋಲಿನದು, ಕೊನೆಗೆ ಮನುಷ್ಯನದು. 19ನೇ ಶತಮಾನದಲ್ಲಿ ಹಾರುವ ಯಂತ್ರ ಕಟ್ಟಲು ಹೊರಟ ಹಲವರು ಎಡವಿದ್ದು ಇಲ್ಲಿಯೇ. ಇಂಗ್ಲೆಂಡಿನ ಜಾರ್ಜ್ ಕೇಲಿ ಆ ಶತಮಾನದ ಆರಂಭಕ್ಕೇ ರೆಕ್ಕೆಯ ಮೂಲತತ್ವವನ್ನು ಸರಿಯಾಗಿ ಗ್ರಹಿಸಿದ್ದ. ಆದರೆ ಅದನ್ನು ಮುಂದಕ್ಕೆ ಎಳೆಯಬಲ್ಲ ಹಗುರವಾದ ಎಂಜಿನ್ ಆಗ ಇರಲಿಲ್ಲ. ಇದ್ದದ್ದು ಉಗಿಯಂತ್ರ, ಅದರ ಜೊತೆಗೆ ಬಾಯ್ಲರ್, ನೀರು, ಉರುವಲು ಎಲ್ಲವನ್ನೂ ಹೊರಬೇಕು. ಫ್ರಾನ್ಸಿನ ಕ್ಲೆಮಾಂ ಆದೆರ್ 1890ರಲ್ಲಿ ಉಗಿಯಂತ್ರ ಕೂರಿಸಿದ ವಿಮಾನದಲ್ಲಿ ನೆಲದಿಂದ ತುಸು ಮೇಲೆದ್ದು ಸುಮಾರು 50 ಮೀಟರ್ ಸಾಗಿ ಇಳಿದ. ಹಿರಾಮ್ ಮ್ಯಾಕ್ಸಿಮ್ 1894ರಲ್ಲಿ ತಲಾ 180 ಅಶ್ವಶಕ್ತಿಯ ಎರಡು ಉಗಿ ಎಂಜಿನ್ ಹೂಡಿ ಕಟ್ಟಿದ ಯಂತ್ರ ಮೂರೂವರೆ ಟನ್ ತೂಗುತ್ತಿತ್ತು. ಹಳಿಯ ಮೇಲೆ ಓಡಿ, ಮೇಲೇಳದಂತೆ ಹಾಕಿದ್ದ ತಡೆಹಳಿಯನ್ನು ಮುರಿದು ಅದು ಅಲ್ಲಿಗೇ ನಿಂತಿತು.

ದಾರಿ ತೋರಿಸಿದ್ದು ಸಿಲಿಂಡರಿನ ಒಳಗೇ ಇಂಧನ ಉರಿಸುವ ಎಂಜಿನ್. ಜರ್ಮನಿಯ ನಿಕೊಲಾಸ್ ಆಟೊ 1876ರಲ್ಲಿ ನಾಲ್ಕು ಹೊಡೆತದ ಎಂಜಿನ್ ರೂಪಿಸಿದ. ಒಳಗೆಳೆ, ಒತ್ತು, ಉರಿಸು, ಹೊರದಬ್ಬು ಎಂಬ ಈ ಕ್ರಮವೇ ಇಂದಿನ ಬೈಕು-ಕಾರುಗಳಲ್ಲೂ ಇದೆ. ಆಟೊನ ಎಂಜಿನ್ ನೆಲಕ್ಕೆ ಬೋಲ್ಟ್ ಹಾಕಿ ಕೂರಿಸುವಷ್ಟು ಭಾರವಿತ್ತು, ನಿಧಾನವಾಗಿ ತಿರುಗುತ್ತಿತ್ತು. ಡೈಮ್ಲರ್ ಮತ್ತು ಮೈಬಾಕ್ 1880ರ ದಶಕದ ನಡುವಿಗೆ ಅದನ್ನು ಚಿಕ್ಕದು ಮಾಡಿ ವೇಗವಾಗಿ ತಿರುಗಿಸಿದರು. ಬಂಡಿಗೆ ಅಷ್ಟು ಸಾಕಾಯಿತು, ಆಕಾಶಕ್ಕೆ ಸಾಲಲಿಲ್ಲ.

ರೈಟ್ ಸೋದರರು 1902ರ ಕೊನೆಯಲ್ಲಿ ಎಂಜಿನ್ ಕೇಳಿ ಅಮೆರಿಕದ ಹಲವು ಕಾರ್ಖಾನೆಗಳಿಗೆ ಕಾಗದ ಬರೆದರು. ಕನಿಷ್ಠ 8 ಎಚ್‌ಪಿ (ಅಶ್ವಶಕ್ತಿ) ಕೊಡಬೇಕು, ತೂಕ ಮಿತಿಯಲ್ಲಿರಬೇಕು, ಅದುರಬಾರದು. ಅಂಥದ್ದನ್ನು ಮಾಡಿಕೊಡುವವರು ಸಿಗಲಿಲ್ಲ. ಕೊನೆಗೆ ಡೇಟನ್ ಊರಿನ ಅವರ ಸೈಕಲ್ ಅಂಗಡಿಯಲ್ಲಿ ಕೆಲಸಕ್ಕಿದ್ದ ಚಾರ್ಲಿ ಟೇಲರ್ ಎಂಬ ಮೆಕ್ಯಾನಿಕ್ ಆರು ವಾರಗಳಲ್ಲಿ ಎಂಜಿನ್ ಮಾಡಿ ಮುಗಿಸಿದ. ಕೈಯಲ್ಲಿದ್ದದ್ದು ಮುಖ್ಯವಾಗಿ ಒಂದು ಲೇತ್, ಒಂದು ಡ್ರಿಲ್. ಕ್ರ್ಯಾಂಕ್‌ಶಾಫ್ಟ್ ಮಾಡಿದ ಬಗೆ ನೋಡಬೇಕು: ದಪ್ಪನೆಯ ಉಕ್ಕಿನ ಹಲಗೆಯ ಮೇಲೆ ಆಕಾರ ಗೆರೆ ಹಾಕಿಕೊಂಡು, ಗೆರೆಯುದ್ದಕ್ಕೂ ಒತ್ತೊತ್ತಾಗಿ ತೂತು ಕೊರೆದು, ಬೇಡದ ಭಾಗವನ್ನು ಉಳಿ-ಸುತ್ತಿಗೆಯಲ್ಲಿ ಹೊಡೆದು ಕಳಚಿ, ಉಳಿದದ್ದನ್ನು ಲೇತಿಗೆ ಕಟ್ಟಿ ಅಳತೆಗೆ ತಂದ. ಎಂಜಿನ್ನಿನ ಒಡಲು ಅಲ್ಯೂಮಿನಿಯಂ ಎರಕದ್ದು. ಬಿಗುವಿಗಾಗಿ ಅದರಲ್ಲಿ ಶೇ 8ರಷ್ಟು ತಾಮ್ರ ಬೆರೆಸಲಾಗಿತ್ತು. ಅಲ್ಯೂಮಿನಿಯಂ ಇನ್ನೂ ಹೊಸ ಲೋಹವಾಗಿದ್ದ ಕಾಲದಲ್ಲಿ ಇದು ಧೈರ್ಯದ ಆಯ್ಕೆ. ವಿಮಾನದ ಎಂಜಿನ್ನುಗಳು ಮುಂದೆ ಹಿಡಿದ ಹಾದಿಯೂ ಅದೇ.

ಉಳಿದಂತೆ ಅದರಲ್ಲಿ ಇದ್ದದ್ದಕ್ಕಿಂತ ಇಲ್ಲದ್ದೇ ಹೆಚ್ಚು. ಕಾರ್ಬ್ಯುರೇಟರ್ ಇರಲಿಲ್ಲ, ಮೇಲಿನ ಡಬ್ಬಿಯಿಂದ ಪೆಟ್ರೋಲ್ ತೊಟ್ಟಿಕ್ಕಿ, ಬಿಸಿಯಾದ ಲೋಹದ ಮೇಲೆ ಹರಡಿ ಆವಿಯಾಗಿ ಸಿಲಿಂಡರ್ ಸೇರುತ್ತಿತ್ತು. ಸ್ಪಾರ್ಕ್ ಪ್ಲಗ್ ಇರಲಿಲ್ಲ. ಸಿಲಿಂಡರಿನ ಒಳಗೇ ಎರಡು ತುದಿಗಳು ಕೂಡಿ ಬಿಡುವಾಗ ಕಿಡಿ ಹಾರುತ್ತಿತ್ತು. ನೀರಿನ ಪಂಪ್ ಇರಲಿಲ್ಲ. ಬಿಸಿನೀರು ಮೇಲೇರಿ ತಣ್ಣೀರು ಕೆಳಗಿಳಿಯುವ ಸಹಜ ಗತಿಯಿಂದಲೇ ತಂಪಾಗಬೇಕು. ವೇಗ ಹೆಚ್ಚು-ಕಡಿಮೆ ಮಾಡುವ ಥ್ರಾಟಲ್ ಕೂಡ ಇರಲಿಲ್ಲ. ನಾಲ್ಕು ಸಿಲಿಂಡರಿನ ಈ ಎಂಜಿನ್ ಶುರುವಿನಲ್ಲಿ 16 ಎಚ್‌ಪಿ ಕೊಟ್ಟು, ಕಾದ ಮೇಲೆ 12ಕ್ಕೆ ಇಳಿಯುತ್ತಿತ್ತು. ಕೊಡಗಿನ ಗದ್ದೆಗಳಲ್ಲಿ ನಾಟಿಗೆ ಮುಂಚೆ ಕೆಸರು ಕಲಸುವ ಟಿಲ್ಲರಿನ ಎಂಜಿನ್ ಶಕ್ತಿಯೂ ಹೆಚ್ಚುಕಡಿಮೆ ಇಷ್ಟೇ. ಪರಿಕರಗಳೂ ಸೇರಿ ತೂಕ ಸುಮಾರು 82 ಕಿಲೋ; ಒಂದು ಎಚ್‌ಪಿಗೆ ಏಳು ಕಿಲೋದಷ್ಟು. 1903ರ ಡಿಸೆಂಬರ್ 17ರಂದು ಕಿಟ್ಟಿ ಹಾಕ್ ಮರಳದಂಡೆಯಲ್ಲಿ ಆ ಎಂಜಿನ್ ಎರಡು ಪ್ರೊಪೆಲ್ಲರುಗಳನ್ನು ಸೈಕಲ್ ಮಾದರಿಯ ಸರಪಳಿಯಿಂದ ತಿರುಗಿಸಿತು. ಮೊದಲ ಹಾರಾಟ 12 ಸೆಕೆಂಡ್, ನಾಲ್ಕನೆಯದು 59 ಸೆಕೆಂಡ್, 260 ಮೀಟರ್. ಮೈ ಕೊರೆಯುವ ಚಳಿ, ಎದುರುಗಾಳಿ ಎರಡೂ ನೆರವಾದವು. ತಣ್ಣನೆಯ ಗಾಳಿ ದಟ್ಟವಾಗಿರುತ್ತದೆ, ರೆಕ್ಕೆಗೂ ಎಂಜಿನ್ನಿಗೂ ಅದರಿಂದ ಲಾಭ. ಆ ವಿಮಾನದ ನಿಜಗಾತ್ರದ ಪ್ರತಿಕೃತಿ ಬೆಂಗಳೂರಿನ ವಿಶ್ವೇಶ್ವರಯ್ಯ ತಂತ್ರಜ್ಞಾನ ವಸ್ತುಸಂಗ್ರಹಾಲಯದಲ್ಲಿದೆ. ಕೆಳರೆಕ್ಕೆಯ ಮೇಲೆ ಪೈಲಟ್ ಬೋರಲು ಮಲಗುವ ಜಾಗ, ಅವನ ಪಕ್ಕದಲ್ಲೇ ಎಂಜಿನ್, ಎರಡರ ತೂಕವೂ ಒಂದನ್ನೊಂದು ಸರಿದೂಗಿಸುವ ಜೋಡಣೆಯನ್ನು ಅಲ್ಲಿ ಹತ್ತಿರದಿಂದ ನೋಡಬಹುದು.

ಅದೇ ವರ್ಷ, ಇದಕ್ಕಿಂತ ಎಷ್ಟೋ ಮೇಲಾದ ಇನ್ನೊಂದು ಎಂಜಿನ್ ಅಮೆರಿಕದಲ್ಲೇ ಸಿದ್ಧವಾಗಿತ್ತು ಎಂಬುದನ್ನು ಮರೆಯುವವರೇ ಹೆಚ್ಚು. ಪ್ರೊಫೆಸರ್ ಲ್ಯಾಂಗ್ಲಿಯ ವಿಮಾನಕ್ಕಾಗಿ ಚಾರ್ಲ್ಸ್ ಮ್ಯಾನ್ಲಿ ಪಕ್ವಗೊಳಿಸಿದ ಐದು ಸಿಲಿಂಡರಿನ ಎಂಜಿನ್ 52 ಎಚ್‌ಪಿ ಕೊಡುತ್ತಿತ್ತು. ಪರಿಕರ ಸೇರಿ ತೂಕ ನೂರು ಕಿಲೋದೊಳಗೆ. ಒಂದು ಎಚ್‌ಪಿಗೆ ಎರಡು ಕಿಲೋಕ್ಕಿಂತ ಕಡಿಮೆ! ಆದರೆ ವಿಮಾನ ಎರಡು ಸಲವೂ ಉಡಾವಣೆಯ ಹೊತ್ತಿಗೇ ಪೊಟೊಮ್ಯಾಕ್ ನದಿಗೆ ಬಿತ್ತು; ಎರಡನೆಯ ಸಲ ಬಿದ್ದದ್ದು ರೈಟರ ಹಾರಾಟಕ್ಕೆ ಕೇವಲ ಒಂಬತ್ತು ದಿನ ಮುಂಚೆ. ಅರ್ಧಂಬರ್ಧ ಎಂಜಿನ್ ಒಳ್ಳೆಯ ವಿಮಾನವನ್ನು ಎತ್ತಿತು, ಅತ್ಯುತ್ತಮ ಎಂಜಿನ್ ದುರ್ಬಲ ವಿಮಾನದ ಜೊತೆ ಮುಳುಗಿತು. ಮ್ಯಾನ್ಲಿಗೆ ಸಲ್ಲಬೇಕಾದ ಹೆಸರು ಸಲ್ಲಲಿಲ್ಲ.

ಮುಂದಿನ ಐದಾರು ವರ್ಷ ಎಂಜಿನ್ನಿನ ಕೆಲಸ ನಡೆದದ್ದು ಫ್ರಾನ್ಸಿನಲ್ಲಿ. ಲಿಯೊಂ ಲೆವವಸ್ಯೂರ್ ರೂಪಿಸಿದ 'ಆಂತ್ವಾನೆತ್' ಎಂಟು ಸಿಲಿಂಡರಿನ ವಿ ಆಕಾರದ ಎಂಜಿನ್. 50 ಎಚ್‌ಪಿಗೆ ನೂರು ಕಿಲೋ ಆಸುಪಾಸಿನ ತೂಕ. 1906ರಲ್ಲಿ ಸಾಂತೋಸ್ ದುಮಾನ್ ಪ್ಯಾರಿಸ್ಸಿನಲ್ಲಿ ಹಾರಿದ್ದು ಇದರಿಂದಲೇ. ಪೆಟ್ರೋಲನ್ನು ನೇರವಾಗಿ ಚಿಮ್ಮಿಸುವ ಪದ್ಧತಿ ಅದರಲ್ಲಿತ್ತು; ಕಾಲಕ್ಕಿಂತ ಮುಂದಿದ್ದ ಆ ಪದ್ಧತಿಯೇ ಪದೇ ಪದೇ ಕೈಕೊಡುತ್ತಲೂ ಇತ್ತು. ಲೂಯಿ ಬ್ಲೇರಿಯೊ 1909ರ ಜುಲೈ 25ರಂದು ಇಂಗ್ಲಿಷ್ ಕಡಲ್ಗಾಲುವೆ ದಾಟಿದ್ದು 25 ಎಚ್‌ಪಿಯ ಆಂಜಾನಿ ಎಂಜಿನ್ನಿನ ಬಲದಿಂದ. ಬೀಸಣಿಗೆಯಂತೆ ಹರಡಿದ ಮೂರೇ ಸಿಲಿಂಡರ್, ನೀರಿಲ್ಲ, ಗಾಳಿಯೇ ತಂಪು. ಅರ್ಧ ಗಂಟೆ ದಾಟಿದರೆ ವಿಪರೀತ ಕಾಯುತ್ತಿದ್ದ ಆ ಎಂಜಿನ್ 37 ನಿಮಿಷ ಎಡೆಬಿಡದೆ ಓಡಿದ್ದೇ ದೊಡ್ಡದು.

ತೂಕ ಇಳಿದ ಮೇಲೆ ಎದುರಾದ ಶತ್ರು ಈ ಶಾಖವೇ. ಉರಿಯುವ ಪೆಟ್ರೋಲಿನ ಶಕ್ತಿಯಲ್ಲಿ ಪ್ರೊಪೆಲ್ಲರಿಗೆ ಸಿಗುವುದು ಕಾಲು ಭಾಗವಷ್ಟೇ. ಉಳಿದದ್ದು ಹೊಗೆಯಲ್ಲಿ, ಲೋಹದಲ್ಲಿ ಶಾಖವಾಗಿ ಸೇರುತ್ತದೆ. ನೀರಿನಿಂದ ತಂಪಾಗಿಸಿದರೆ ರೇಡಿಯೇಟರ್, ಕೊಳವೆ, ನೀರು ಎಂದು ಮತ್ತೆ ತೂಕ. ಗಾಳಿಯನ್ನೇ ನಂಬಿದರೆ ನಿಧಾನವಾಗಿ ಹಾರುವ ವಿಮಾನದಲ್ಲಿ ಗಾಳಿ ಸಾಲದು. ಲೂಯಿ ಮತ್ತು ಲೊರಾಂ ಸೆಗೆಂ ಎಂಬ ಸೋದರರು ಈ ಕಗ್ಗಂಟನ್ನು ಬಿಡಿಸಿದ ರೀತಿ ಇಂದಿಗೂ ಬೆರಗು ಹುಟ್ಟಿಸುತ್ತದೆ. ಗಾಳಿ ಸಿಲಿಂಡರಿನ ಬಳಿಗೆ ಬಾರದಿದ್ದರೆ ಸಿಲಿಂಡರೇ ಗಾಳಿಯಲ್ಲಿ ತಿರುಗಲಿ ಎಂದರು. ಅವರ 'ನೋಮ್' ಎಂಜಿನ್ನಿನಲ್ಲಿ ಕ್ರ್ಯಾಂಕ್‌ಶಾಫ್ಟ್ ವಿಮಾನಕ್ಕೆ ಬಿಗಿದು ನಿಶ್ಚಲ. ಏಳು ಸಿಲಿಂಡರುಗಳ ಇಡೀ ಚಕ್ರವೇ ಪ್ರೊಪೆಲ್ಲರ್ ಸಮೇತ ಗಿರ್ರನೆ ತಿರುಗುತ್ತದೆ. ಇದೇ ರೋಟರಿ ಎಂಜಿನ್. ಸಿಲಿಂಡರುಗಳನ್ನು ನಿಕ್ಕಲ್ ಬೆರೆತ ಉಕ್ಕಿನ ಗಟ್ಟಿಯನ್ನೇ ಕೊರೆದು ಮಾಡುತ್ತಿದ್ದರು. ಗೋಡೆಯ ದಪ್ಪ ಒಂದೂವರೆ ಮಿಲಿಮೀಟರ್ ಮಾತ್ರ, ಹೊರಮೈ ತುಂಬ ಶಾಖ ಹೊರಚೆಲ್ಲುವ ತೆಳು ಏಣುಗಳು. 50 ಎಚ್‌ಪಿಗೆ ತೂಕ ಸುಮಾರು 75 ಕಿಲೋ. ತಿರುಗುವ ಸಿಲಿಂಡರುಗಳೇ ಗತಿಚಕ್ರವೂ ಆದ್ದರಿಂದ ಓಟ ನಯವಾಗಿತ್ತು. 1909ರಿಂದಾಚೆಗೆ ಯುರೋಪಿನ ಹಾರಾಟದ ಪಂದ್ಯಗಳಲ್ಲಿ ನೋಮ್ ಮೆರೆಯಿತು.

ಅದಕ್ಕೆ ತೆತ್ತ ಬೆಲೆಯೂ ಸಣ್ಣದಲ್ಲ. ಪೆಟ್ರೋಲ್-ಗಾಳಿಯ ಮಿಶ್ರಣ ಟೊಳ್ಳು ಕ್ರ್ಯಾಂಕ್‌ಶಾಫ್ಟಿನೊಳಗಿಂದ ಎಂಜಿನ್ನಿನ ಒಡಲಿಗೆ ಬಂದು, ಪಿಸ್ಟನ್ನಿನ ತಲೆಯಲ್ಲಿದ್ದ ವಾಲ್ವಿನ ಮೂಲಕ ಸಿಲಿಂಡರಿಗೆ ನುಗ್ಗಬೇಕು. ಹಾಗಾಗಿ ಒಳಗಿನ ಬೇರಿಂಗುಗಳಿಗೆ ಹಾಕುವ ಎಣ್ಣೆ ಪೆಟ್ರೋಲಿನಲ್ಲಿ ಕರಗಿ ತೆಳುವಾಗಬಾರದು. ಖನಿಜ ಎಣ್ಣೆ ಕರಗುತ್ತದೆ. ಹರಳೆಣ್ಣೆ ಸುಲಭಕ್ಕೆ ಬೆರೆಯುವುದಿಲ್ಲ, ಬಿಸಿಯಲ್ಲೂ ಜಿಗುಟು ಬಿಡುವುದಿಲ್ಲ. ಮೊದಲ ಮಹಾಯುದ್ಧದ ಸಾವಿರಾರು ವಿಮಾನಗಳು ಹರಳೆಣ್ಣೆಯ ಮೇಲೆ ಓಡಿದವು. ಆಗ ಜಗತ್ತಿನ ಹರಳು ಬೀಜದ ದೊಡ್ಡ ಮೂಲ ಭಾರತ. ಮನೆಗಳಲ್ಲಿ ತಲೆಗೆ, ಹೊಟ್ಟೆ ಶುದ್ಧಿಗೆ ಬಳಸುತ್ತಿದ್ದ ಎಣ್ಣೆ ಯುದ್ಧಸಾಮಗ್ರಿಯಾಯಿತು. ಒಮ್ಮೆ ಎಂಜಿನ್ನಿಗೆ ಹೋದ ಎಣ್ಣೆ ಮರಳಿ ತೊಟ್ಟಿಗೆ ಬರುತ್ತಿರಲಿಲ್ಲ. ಸುಟ್ಟು, ಚಿಮ್ಮಿ, ಪೈಲಟ್ಟಿನ ಮುಖಕ್ಕೆ, ಮೂಗಿಗೆ ರಾಚುತ್ತಿತ್ತು. ಹೊಟ್ಟೆಯ ಮೇಲೆ ಅದರ ಪರಿಣಾಮವನ್ನು ಆ ಕಾಲದ ಪೈಲಟ್ಟುಗಳು ಬಲ್ಲರು. ಕೆಲವೇ ಹತ್ತಾರು ಗಂಟೆ ಓಡಿದ ಮೇಲೆ ಎಂಜಿನ್ನನ್ನು ಪೂರ್ತಿ ಬಿಚ್ಚಿ ಶುಚಿ ಮಾಡಬೇಕಾಗಿತ್ತು.

ಇನ್ನೊಂದು ತೊಡಕು ಬುಗುರಿಯ ಗುಣದ್ದು. ನೂರಕ್ಕೂ ಹೆಚ್ಚು ಕಿಲೋ ಲೋಹ ಮೂಗಿನಲ್ಲಿ ಗಿರಕಿ ಹೊಡೆಯುವಾಗ ವಿಮಾನವನ್ನು ಒಂದು ಕಡೆಗೆ ಹೊರಳಿಸಿದರೆ ಅದು ಮತ್ತೊಂದು ದಿಕ್ಕಿಗೆ ಓಲುತ್ತದೆ. ಬ್ರಿಟಿಷರ ಸಾಪ್‌ವಿತ್ ಕ್ಯಾಮೆಲ್ ಯುದ್ಧವಿಮಾನದಲ್ಲಿ ಇದು ತೀವ್ರವಾಗಿತ್ತು: ಬಲಕ್ಕೆ ತಿರುಗಿದರೆ ಮೂಗು ಕೆಳಗೆ, ಎಡಕ್ಕೆ ತಿರುಗಿದರೆ ಮೂಗು ಮೇಲೆ. ಪಳಗಿದವನ ಕೈಯಲ್ಲಿ ಅದು ಶತ್ರುವಿಗೆ ಸಿಗದಂತೆ ಗಕ್ಕನೆ ಹೊರಳುವ ಅಸ್ತ್ರ, ಕಲಿಯುವವನಿಗೆ ಮೃತ್ಯು. ಕ್ಯಾಮೆಲ್ ಕಲಿಯುವಾಗಲೇ ಸತ್ತ ಪೈಲಟ್ಟುಗಳು ಬಹಳ. ಅದನ್ನು ಪಳಗಿಸಿದವರಲ್ಲಿ ಪಂಜಾಬಿನ ಹರ್‌ದಿತ್ ಸಿಂಗ್ ಮಲಿಕ್ ಒಬ್ಬರು. 1917ರಲ್ಲಿ ಅವರು 28ನೇ ಸ್ಕ್ವಾಡ್ರನ್ನಿನಲ್ಲಿ ಕ್ಯಾಮೆಲ್ ಹಾರಿಸಿ, ಕಾದಾಟದಲ್ಲಿ ಗಾಯಗೊಂಡೂ ಬದುಕಿ ಬಂದರು. ರೋಟರಿ ಎಂಜಿನ್ನಿನ ಆಯುಸ್ಸು ಮಾತ್ರ ಯುದ್ಧದೊಂದಿಗೇ ತೀರಿತು. ನಿಮಿಷಕ್ಕೆ 1200-1300 ಸುತ್ತು ದಾಟಿದರೆ ಸಿಲಿಂಡರುಗಳು ಗಾಳಿಯನ್ನು ಕಡೆಯುವುದಕ್ಕೇ ಶಕ್ತಿ ಸೋರಿಹೋಗುತ್ತಿತ್ತು. ಇನ್ನಷ್ಟು ಶಕ್ತಿಗೆ ಅಲ್ಲಿ ಜಾಗವೇ ಇರಲಿಲ್ಲ.

ಅತ್ತ ನೀರಿನ ತಂಪಿನ ಎಂಜಿನ್ನನ್ನು ಹಗುರ ಮಾಡಿದ ಜಾಣ ಸ್ವಿಟ್ಜರ್ಲೆಂಡಿನ ಮಾರ್ಕ್ ಬಿರ್ಕಿಗ್ಟ್. ಬಾರ್ಸಿಲೋನಾದಲ್ಲಿ ಹಿಸ್ಪಾನೊ-ಸುಯಿಜಾ ಕಾರು ಕಟ್ಟುತ್ತಿದ್ದವನು ಯುದ್ಧ ಶುರುವಾದೊಡನೆ ವಿಮಾನದತ್ತ ತಿರುಗಿದ. ಅಲ್ಲಿಯವರೆಗೆ ಒಂದೊಂದು ಸಿಲಿಂಡರನ್ನೂ ಉಕ್ಕಿನಲ್ಲಿ ಬೇರೆಯಾಗಿ ಮಾಡಿ, ಸುತ್ತ ನೀರಿನ ಕವಚ ಬೆಸೆದು, ಸಾಲಾಗಿ ಜೋಡಿಸುವುದು ರೂಢಿ. ಜರ್ಮನಿಯ ಮರ್ಸಿಡಿಸ್ ಎಂಜಿನ್ನುಗಳು ಹಾಗೇ ಇದ್ದವು. ಬಿರ್ಕಿಗ್ಟ್ ನಾಲ್ಕು ಸಿಲಿಂಡರುಗಳ ಒಂದಿಡೀ ಸಾಲನ್ನು ಅಲ್ಯೂಮಿನಿಯಂನಲ್ಲಿ ಒಂದೇ ಎರಕವಾಗಿ ಹೊಯ್ದು, ನೀರಿನ ದಾರಿಯನ್ನೂ ಅದರೊಳಗೇ ಬಿಟ್ಟು, ಪಿಸ್ಟನ್ ಉಜ್ಜುವ ಜಾಗಕ್ಕೆ ಮಾತ್ರ ಉಕ್ಕಿನ ಕೊಳವೆಯನ್ನು ತಿರುಪಿನಂತೆ ಒಳಕ್ಕೆ ತಿರುಗಿಸಿ ಕೂರಿಸಿದ. ಅಂಥ ಎರಡು ಸಾಲು ವಿ ಆಕಾರದಲ್ಲಿ ನಿಂತವು. ವಾಲ್ವ್, ಕ್ಯಾಮ್ ಎಲ್ಲವೂ ಎಣ್ಣೆಯೊಳಗೆ ಮುಚ್ಚಿದ ಕೋಣೆಯಲ್ಲಿ. ಎಂಟು ಸಿಲಿಂಡರ್, ಹನ್ನೊಂದು ಮುಕ್ಕಾಲು ಲೀಟರ್ ಗಾತ್ರ. 1915ರಲ್ಲಿ 150 ಎಚ್‌ಪಿಯಿಂದ ಶುರುವಾಗಿ, ಆಮೇಲೆ 180, ಹಲ್ಲುಚಕ್ರ ಹೂಡಿ 200ರ ಮೇಲೆ. ಫ್ರೆಂಚರ ಸ್ಪಾಡ್, ಬ್ರಿಟಿಷರ ಎಸ್.ಇ.5ಎ ವಿಮಾನಗಳ ಗುಂಡಿಗೆ ಇದೇ. ಹಲವು ದೇಶಗಳ ಕಾರ್ಖಾನೆಗಳಲ್ಲಿ ಒಟ್ಟು ಸುಮಾರು 50 ಸಾವಿರ ಎಂಜಿನ್ ತಯಾರಾದವು.

ದೋಷ ಅದರಲ್ಲೂ ಇತ್ತು. ಉಕ್ಕೂ ಅಲ್ಯೂಮಿನಿಯಮ್ಮೂ ಬಿಸಿಗೆ ಒಂದೇ ಪ್ರಮಾಣದಲ್ಲಿ ಹಿಗ್ಗುವುದಿಲ್ಲ. ಉಕ್ಕಿನ ಕೊಳವೆಯ ತಲೆಗೂ ಸುತ್ತಲಿನ ಎರಕಕ್ಕೂ ನಡುವೆ ಕೂದಲೆಳೆಯ ಸಂದು ಬಿದ್ದರೆ ಶಾಖ ದಾಟದೆ ವಾಲ್ವುಗಳು ಸುಟ್ಟುಹೋಗುತ್ತಿದ್ದವು. ಹಲ್ಲುಚಕ್ರದ ಮಾದರಿಗಳಲ್ಲಿ ಹಲ್ಲುಗಳೇ ಮುರಿಯುತ್ತಿದ್ದವು. ಆದರೂ ಎರಕದ ಒಡಲು, ಉಕ್ಕಿನ ಒಳಗೊಳವೆ ಎಂಬ ಆ ಸೂತ್ರ ಉಳಿಯಿತು. ಇಂದಿನ ಬಹುಪಾಲು ಕಾರುಗಳ ಎಂಜಿನ್ ಅದರ ವಾರಸುದಾರ. ಕೊಲ್ಕತ್ತದ ಇಂದ್ರಲಾಲ್ ರಾಯ್ 1918ರ ಜುಲೈ 6ರಿಂದ ಹದಿನಾಲ್ಕು ದಿನಗಳಲ್ಲಿ ಹತ್ತು ಶತ್ರು ವಿಮಾನಗಳನ್ನು ಹೊಡೆದದ್ದು ಎಸ್.ಇ.5ಎ ವಿಮಾನದಲ್ಲಿ. 22ರಂದು ಅವರೂ ಮಡಿದರು. ಆಗಿನ್ನೂ ವಯಸ್ಸು 19. ಮಲಿಕ್ ಹಾರಿಸಿದ್ದು ತಿರುಗುವ ಸಿಲಿಂಡರಿನ ವಂಶ, ರಾಯ್ ಹಾರಿಸಿದ್ದು ಬಿರ್ಕಿಗ್ಟನ ವಂಶ. ಭಾರತದ ಮೊದಲ ಯುದ್ಧ ಪೈಲಟ್ಟುಗಳಿಗೆ ಆ ಯುಗದ ಎರಡು ದೊಡ್ಡ ದಾರಿಗಳೂ ಸಿಕ್ಕಿದ್ದವು.

ದೂರ ಹಾರಲು ಬೇಕಾದ ದೊಡ್ಡ ಎಂಜಿನ್ನುಗಳೂ ಅದೇ ಯುದ್ಧದ ಮಕ್ಕಳು. ರೋಲ್ಸ್ ರಾಯ್ಸ್‌ನ 12 ಸಿಲಿಂಡರಿನ 'ಈಗಲ್' ಎರಡನ್ನು ಹೂಡಿದ ವಿಮಾನದಲ್ಲಿ ಆಲ್ಕಾಕ್ ಮತ್ತು ಬ್ರೌನ್ 1919ರ ಜೂನ್‌ನಲ್ಲಿ ಅಟ್ಲಾಂಟಿಕ್ ಸಾಗರವನ್ನು ಒಂದೇ ಉಸಿರಿಗೆ ದಾಟಿದರು. ಅಮೆರಿಕದ 400 ಎಚ್‌ಪಿಯ 'ಲಿಬರ್ಟಿ'ಯ ನಕ್ಷೆಯನ್ನು ಇಬ್ಬರು ಎಂಜಿನಿಯರುಗಳು 1917ರಲ್ಲಿ ವಾಷಿಂಗ್ಟನ್ನಿನ ಹೋಟೆಲ್ ಕೋಣೆಯೊಂದರಲ್ಲಿ ಕೂತು ದಿನಗಳ ಲೆಕ್ಕದಲ್ಲಿ ಎಳೆದು ಮುಗಿಸಿದರು.

ಎತ್ತರಕ್ಕೆ ಹೋದಂತೆ ಎಂಜಿನ್ ಸೊರಗುವುದು ಬೆಟ್ಟದ ಸೀಮೆಯವರಿಗೆ ಗೊತ್ತಿರುವ ಮಾತು. ಮಡಿಕೇರಿ ಸಮುದ್ರಮಟ್ಟದಿಂದ ಸುಮಾರು 1170 ಮೀಟರ್ ಮೇಲಿದೆ. ಅಲ್ಲಿಯ ಗಾಳಿ ಮಂಗಳೂರಿನ ಗಾಳಿಗಿಂತ ಶೇ 11ರಷ್ಟು ತೆಳು. ಸಿಲಿಂಡರ್ ಪ್ರತಿ ಸಲ ಎಳೆದುಕೊಳ್ಳುವ ಗಾಳಿಯ ಗಾತ್ರ ಅಷ್ಟೇ ಇದ್ದರೂ ಅದರಲ್ಲಿನ ಆಮ್ಲಜನಕ ಕಡಿಮೆ, ಉರಿಸಬಹುದಾದ ಪೆಟ್ರೋಲೂ ಕಡಿಮೆ. ಸಂಪಾಜೆ ಘಾಟಿ ಹತ್ತಿ ಬಂದ ಹಳೆಯ ಕಾರ್ಬ್ಯುರೇಟರ್ ಎಂಜಿನ್ ಊರು ಮುಟ್ಟುವಷ್ಟರಲ್ಲಿ ಹತ್ತರಲ್ಲೊಂದು ಪಾಲು ಶಕ್ತಿ ಕಳೆದುಕೊಂಡಿರುತ್ತದೆ. ಆರೂವರೆ ಸಾವಿರ ಮೀಟರ್ ದಾಟಿದ ವಿಮಾನಕ್ಕೆ ಸಿಗುವುದು ಅರ್ಧ ಗಾಳಿ. ಜರ್ಮನಿಯ ಮ್ಯಾಕ್ಸ್ ಫ್ರಿಟ್ಸ್ 1917ರಲ್ಲಿ ರೂಪಿಸಿದ ಬಿಎಂಡಬ್ಲ್ಯು ಎಂಜಿನ್ನಿಗೆ ಹೆಚ್ಚು ಒತ್ತಡದ ಸಿಲಿಂಡರ್ ಕೊಟ್ಟು, ನೆಲದ ಬಳಿ ಥ್ರಾಟಲನ್ನು ಪೂರ್ತಿ ತೆರೆಯದೆ, ಮೇಲೇರಿದಂತೆ ತೆರೆಯುತ್ತ ಹೋಗುವ ಉಪಾಯ ಮಾಡಿದ. ಬೇರು ಸಹಿತ ಪರಿಹಾರ ಸಿಕ್ಕಿದ್ದು ಗಾಳಿಯನ್ನು ಒತ್ತಿ ಒಳತಳ್ಳುವ ಸೂಪರ್‌ಚಾರ್ಜರಿನಿಂದ. ಸ್ಯಾನ್‌ಫರ್ಡ್ ಮಾಸ್ ಎಂಬ ಎಂಜಿನಿಯರ್ 1918ರಲ್ಲಿ ಲಿಬರ್ಟಿ ಎಂಜಿನ್ನನ್ನು 4300 ಮೀಟರ್ ಎತ್ತರದ ಪೈಕ್ಸ್ ಪೀಕ್ ಬೆಟ್ಟದ ತುದಿಗೆ ಲಾರಿಯಲ್ಲಿ ಸಾಗಿಸಿ ಅಲ್ಲೇ ಓಡಿಸಿ ನೋಡಿದ. ಕೆಳಗೆ 350 ಎಚ್‌ಪಿ ಕೊಟ್ಟದ್ದು ಮೇಲೆ 230ಕ್ಕೆ ಇಳಿಯಿತು. ಹೊರಹೋಗುವ ಹೊಗೆಯಿಂದಲೇ ತಿರುಗುವ ಟರ್ಬೈನಿನಿಂದ ಗಾಳಿ ಒತ್ತಿದಾಗ 356ಕ್ಕೆ ಏರಿತು. ಬೆಟ್ಟವನ್ನೇ ಪ್ರಯೋಗಶಾಲೆ ಮಾಡಿದ ಈ ಪರೀಕ್ಷೆಯಷ್ಟು ಸ್ಪಷ್ಟವಾದದ್ದು ಎಂಜಿನ್ ಚರಿತ್ರೆಯಲ್ಲಿ ವಿರಳ.

ಯುದ್ಧ ಮುಗಿದ ಮೇಲೆ ಬೇಕಾದದ್ದು ಕೈಕೊಡದ, ಅಗ್ಗದ ಎಂಜಿನ್. ಒಂದು ದಾರಿ ರೇಡಿಯಲ್: ಸಿಲಿಂಡರುಗಳು ನಕ್ಷತ್ರದಂತೆ ಸುತ್ತ ನಿಂತೇ ಇರುತ್ತವೆ, ಕ್ರ್ಯಾಂಕ್‌ಶಾಫ್ಟ್ ತಿರುಗುತ್ತದೆ. ವಿಮಾನಗಳ ವೇಗ ಹೆಚ್ಚಿದ್ದರಿಂದ ಈಗ ಗಾಳಿಯ ತಂಪು ಸಾಕಾಗುತ್ತಿತ್ತು. ಅಮೆರಿಕದ ರೈಟ್ ಕಂಪನಿಯ 'ವರ್ಲ್‌ವಿಂಡ್' ಎಂಜಿನ್ನಿನಲ್ಲಿ ವಾಲ್ವಿನ ಟೊಳ್ಳು ಕಾಂಡದೊಳಗೆ ತುಂಬಿದ ಲವಣ ಕರಗಿ ಕುಲುಕುತ್ತ ಶಾಖವನ್ನು ಹೊರಸಾಗಿಸುತ್ತಿತ್ತು. 1927ರಲ್ಲಿ ಲಿಂಡ್‌ಬರ್ಗ್ ನ್ಯೂಯಾರ್ಕಿನಿಂದ ಪ್ಯಾರಿಸ್ಸಿಗೆ ಒಬ್ಬನೇ ಹಾರಿದಾಗ ಅದು ಮೂವತ್ತಮೂರೂವರೆ ಗಂಟೆ ಬಿಡದೆ ಓಡಿತು.

ಎರಡನೆಯ ದಾರಿ ಬ್ರಿಟನ್ನಿನದು. ಭಾರತಕ್ಕೆ ಹಾರಾಟ ಕಲಿಸಿದ್ದು ಅದೇ. ಫ್ರಾಂಕ್ ಹಾಲ್‌ಫರ್ಡ್ ಯುದ್ಧದಲ್ಲಿ ಮಿಕ್ಕಿದ್ದ ರೆನೊ ಎಂಜಿನ್ನುಗಳ ಎಂಟು ಸಿಲಿಂಡರಿನ ಜೋಡಿಯಲ್ಲಿ ಅರ್ಧ ತೆಗೆದುಕೊಂಡು, ಹೊಸ ಒಡಲು ಕೊಟ್ಟು, 1925ರಲ್ಲಿ 'ಸಿರಸ್' ಎಂಬ ನಾಲ್ಕು ಸಿಲಿಂಡರಿನ ಎಂಜಿನ್ ಮಾಡಿದ. ಮುಂದೆ ಅವನದೇ 'ಜಿಪ್ಸಿ' ಬಂತು. ಸಿಲಿಂಡರುಗಳನ್ನು ತಲೆಕೆಳಗಾಗಿಸಿದ ಮಾದರಿಯಿಂದ ಪೈಲಟ್ಟಿಗೆ ಮುಂದಿನ ನೋಟ ತೆರೆಯಿತು, ಪ್ರೊಪೆಲ್ಲರ್ ನೆಲದಿಂದ ಎತ್ತರಕ್ಕೆ ಬಂತು. ಜೆ.ಆರ್.ಡಿ. ಟಾಟಾ 1932ರ ಅಕ್ಟೋಬರ್ 15ರಂದು ಕರಾಚಿಯಿಂದ ಮುಂಬೈಗೆ ಟಪಾಲು ತಂದ ಪುಸ್ ಮಾತ್ ವಿಮಾನದ್ದು ಇಂಥದೇ ಎಂಜಿನ್. ಅಲ್ಲಿಂದ ನೆವಿಲ್ ವಿನ್ಸೆಂಟ್ ಆ ಟಪಾಲನ್ನು ಬಳ್ಳಾರಿ ಮಾರ್ಗವಾಗಿ ಮದ್ರಾಸಿಗೆ ಒಯ್ದರು. ಟಾಟಾ ವಿಮಾನ ಟಪಾಲಿನ ಮೊದಲ ದಾರಿಯಲ್ಲಿ ಕನ್ನಡ ನಾಡಿನ ಊರು ಬಳ್ಳಾರಿ.

ಆದರೆ ಹಾರಿಸುವುದು ಬೇರೆ, ಎಂಜಿನ್ ಬಿಚ್ಚಿ ಕಟ್ಟುವುದು ಬೇರೆ. ಆ ವಿದ್ಯೆ ಕರ್ನಾಟಕಕ್ಕೆ ಬಂದದ್ದು 1940ರ ಡಿಸೆಂಬರ್ 23ರಂದು ಬೆಂಗಳೂರಿನಲ್ಲಿ ಹುಟ್ಟಿದ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪನಿಯಿಂದ (ಇಂದಿನ ಎಚ್‌ಎಎಲ್). ವಾಲ್‌ಚಂದ್ ಹೀರಾಚಂದ್ ಅವರ ಸಾಹಸಕ್ಕೆ ಮೈಸೂರು ಸಂಸ್ಥಾನ ಜಾಗವನ್ನೂ 25 ಲಕ್ಷ ರೂಪಾಯಿ ಬಂಡವಾಳವನ್ನೂ ಕೊಟ್ಟಿತು. 1941ರಲ್ಲಿ ಮೊದಲ ಹಾರ್ಲೊ ತರಬೇತಿ ವಿಮಾನ ಜೋಡಣೆಯಾಗಿ ಹಾರಿತು. 1943ರಲ್ಲಿ ಅಮೆರಿಕದ ಸೇನೆ ಕಾರ್ಖಾನೆಯನ್ನು ವಹಿಸಿಕೊಂಡ ಮೇಲೆ ಅದು ಬರ್ಮಾ-ಚೀನಾ ರಂಗದ ವಿಮಾನಗಳ ದೊಡ್ಡ ದುರಸ್ತಿ ನೆಲೆಯಾಯಿತು. ಡಕೋಟಾ ಸಾಗಣೆ ವಿಮಾನಕ್ಕೂ ಬೆಳ್ಳಂದೂರು ಕೆರೆಯ ಮೇಲೆ ಇಳಿಯುತ್ತಿದ್ದ ಕ್ಯಾಟಲಿನಾ ವಿಮಾನಕ್ಕೂ ಒಂದೇ ಎಂಜಿನ್: ಪ್ರ್ಯಾಟ್ ಅಂಡ್ ವಿಟ್ನಿಯ ಟ್ವಿನ್ ವಾಸ್ಪ್, ಎರಡು ಸಾಲಿನಲ್ಲಿ 14 ಸಿಲಿಂಡರ್, 1200 ಎಚ್‌ಪಿ. ಓವರ್‌ಹಾಲ್ ಎಂದರೆ ಅದನ್ನು ಕೊನೆಯ ನಟ್ಟಿನವರೆಗೆ ಬಿಚ್ಚಿ, ತೊಳೆದು, ಒಂದೊಂದು ಭಾಗದ ಸವೆತವನ್ನು ಅಳೆದು, ಕಣ್ಣಿಗೆ ಕಾಣದ ಬಿರುಕು ಹುಡುಕಿ, ಮತ್ತೆ ಜೋಡಿಸಿ, ಪರೀಕ್ಷಾ ಕಟ್ಟೆಯ ಮೇಲೆ ಗಂಟೆಗಟ್ಟಲೆ ಓಡಿಸಿ ಕಳಿಸುವುದು. ಭಾರತದ ವಿಮಾನ ಎಂಜಿನ್ ವಿದ್ಯೆಗೆ ನಿಜವಾದ ಅಡಿಪಾಯ ಬಿದ್ದದ್ದು ನಕ್ಷೆಯ ಮೇಜಿನ ಮೇಲಲ್ಲ, ಈ ದುರಸ್ತಿ ಶೆಡ್ಡುಗಳಲ್ಲಿ.

ಅದೇ ಕಾರ್ಖಾನೆಯಲ್ಲಿ ವಿ.ಎಂ. ಘಾಟಗೆ ಅವರ ತಂಡ ವಿನ್ಯಾಸ ಮಾಡಿದ ಎಚ್‌ಟಿ-2 ತರಬೇತಿ ವಿಮಾನ 1951ರ ಆಗಸ್ಟ್‌ನಲ್ಲಿ ಹಾರಿತು. ವಿಮಾನ ಸ್ವದೇಶಿ, ಎಂಜಿನ್ ಮಾತ್ರ ಬ್ರಿಟನ್ನಿನದು. ತಯಾರಿಕೆಗೆ ಬಂದ ವಿಮಾನಗಳಲ್ಲಿದ್ದದ್ದು ಹಾಲ್‌ಫರ್ಡನ ಸಿರಸ್ ವಂಶದ 155 ಎಚ್‌ಪಿಯ ಸಿರಸ್ ಮೇಜರ್. ಆ ಅಂತರ ಮುಂದೆಯೂ ಉಳಿಯಿತು. 1957ರಲ್ಲಿ ಬೆಂಗಳೂರಿನಲ್ಲಿ ಎಂಜಿನ್ ಕಾರ್ಖಾನೆ ಶುರುವಾದದ್ದು ಬ್ರಿಟನ್ನಿನ 'ಆರ್ಫಿಯಸ್' ಜೆಟ್ ಎಂಜಿನ್ನನ್ನು ಪರವಾನಗಿಯಡಿ ತಯಾರಿಸಲು. ನ್ಯಾಟ್ ವಿಮಾನಕ್ಕೆ ಒಂದು, 1961ರಲ್ಲಿ ಹಾರಿದ ಮಾರುತ್‌ಗೆ ಎರಡು ಆರ್ಫಿಯಸ್. ಬೆಂಗಳೂರಿನಲ್ಲೇ ರೂಪುಗೊಂಡ ಎಚ್‌ಜೆಇ-2500 ಎಂಬ ಜೆಟ್ ಎಂಜಿನ್ ತಯಾರಿಕೆಯ ಹಂತ ಮುಟ್ಟಲಿಲ್ಲ.

ಜೆಟ್ ಎಂಜಿನ್ ಪಿಸ್ಟನ್ನನ್ನೇ ಕೈಬಿಟ್ಟಿತು. ಒಳಗೆಳೆ, ಒತ್ತು, ಉರಿಸು, ಹೊರದಬ್ಬು ಎಂಬ ನಾಲ್ಕೂ ಕೆಲಸ ಇಲ್ಲಿ ಒಂದರ ಹಿಂದೊಂದು ಜಾಗದಲ್ಲಿ, ಬಿಡುವಿಲ್ಲದೆ ನಡೆಯುತ್ತವೆ. ಬ್ರಿಟನ್ನಿನ ಫ್ರಾಂಕ್ ವಿಟ್ಲ್ 1937ರಲ್ಲಿ ಅದನ್ನು ಓಡಿಸಿ ತೋರಿಸಿದ. ಜರ್ಮನಿಯ ಓಹೈನ್ ಎಂಜಿನ್ನಿನ ವಿಮಾನ 1939ರ ಆಗಸ್ಟ್ 27ರಂದು ಮೊದಲು ಹಾರಿತು. ರೋಲ್ಸ್ ರಾಯ್ಸ್ 1944ರಲ್ಲಿ ಓಡಿಸಿದ 'ನೀನ್' ಎಂಜಿನ್ ಮತ್ತು ಅದರ ಹಿಗ್ಗಿಸಿದ ರೂಪ 'ಟೇ' ಎರಡನ್ನೂ ಫ್ರಾನ್ಸಿನಲ್ಲಿ ತಯಾರಿಸಿದ್ದು ಬಿರ್ಕಿಗ್ಟನ ಅದೇ ಹಿಸ್ಪಾನೊ-ಸುಯಿಜಾ. ಟೇಯನ್ನು ಇನ್ನಷ್ಟು ಬಲಪಡಿಸಿ ಕಂಪನಿ 'ವೆರ್ದೊಂ' ಎಂದು ಕರೆಯಿತು. ನೂಕುಬಲ ಸುಮಾರು 3500 ಕಿಲೋ. 1957ರಿಂದ ಭಾರತೀಯ ವಾಯುಪಡೆಗೆ ಬಂದ ದಸ್ಸೊ ಮಿಸ್ಟೇರ್ ವಿಮಾನಗಳಲ್ಲಿ ಇದ್ದದ್ದು ಅದು.

ಕೊಡಗಿನ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೋಪಯ್ಯ ದೇವಯ್ಯ 1965ರ ಸೆಪ್ಟೆಂಬರ್ 7ರಂದು ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ಮೇಲಿನ ದಾಳಿಗೆ ಹೋದದ್ದು ಇಂಥ ಮಿಸ್ಟೇರಿನಲ್ಲಿ. ಒಂದನೇ ಸ್ಕ್ವಾಡ್ರನ್ನಿನ ಆ ತಂಡಕ್ಕೆ ಅವರು ಕಾಯ್ದಿರಿಸಿದ ಪೈಲಟ್ ಆಗಿದ್ದವರು. ತಂಡ ಹೊರಟ ಆದಂಪುರದಿಂದ ಸರ್ಗೋಧಾ ಮಿಸ್ಟೇರಿನ ಹಾರಾಟದ ಅಂಚಿನಲ್ಲಿತ್ತು. ನೆಲಕ್ಕೆ ಹತ್ತಿರ ಹಾರುವ ಜೆಟ್ ಎಂಜಿನ್ ಇಂಧನವನ್ನು ಧಾರಾಳ ಕುಡಿಯುತ್ತದೆ. ಹೋಗಿ ಬರುವಷ್ಟಿತ್ತೇ ಹೊರತು ಕಾದಾಟಕ್ಕೆಂದು ಮಿಗುವಷ್ಟಿರಲಿಲ್ಲ. ಅವರನ್ನು ಅಡ್ಡಗಟ್ಟಿದ್ದು ಎಫ್-104 ಸ್ಟಾರ್‌ಫೈಟರ್. ಅದರ ಜೆ-79 ಎಂಜಿನ್ ಆಫ್ಟರ್‌ಬರ್ನರ್ ಹೊತ್ತಿಸಿದಾಗ ವೆರ್ದೊಂಗಿಂತ ಸುಮಾರು ಎರಡು ಪಟ್ಟು ಬಲ ಕೊಡುತ್ತಿತ್ತು. ವಿಮಾನ ಶಬ್ದದ ಎರಡು ಪಟ್ಟು ವೇಗದ್ದು. ಮಿಸ್ಟೇರ್ ಸಮಮಟ್ಟದ ಹಾರಾಟದಲ್ಲಿ ಶಬ್ದದ ವೇಗವನ್ನೂ ಮುಟ್ಟುತ್ತಿರಲಿಲ್ಲ. ಸ್ಟಾರ್‌ಫೈಟರಿನ ಗುಂಡು ತಗುಲಿದ ಮೇಲೂ ದೇವಯ್ಯ ವಿಮಾನ ಬಿಡದೆ ಹೊರಳಿ ಎದುರಿಸಿದರು. ಪುಟ್ಟ, ಮೊನಚು ರೆಕ್ಕೆಯ ಸ್ಟಾರ್‌ಫೈಟರ್ ಕಡಿಮೆ ವೇಗದಲ್ಲಿ ಬಿಗಿಯಾಗಿ ತಿರುಗಲಾರದು. ಆ ಕಾದಾಟದಲ್ಲಿ ಅದು ಗುಂಡೇಟು ತಿಂದು ಬಿತ್ತು, ಅದರ ಪೈಲಟ್ ಅಮ್ಜದ್ ಹುಸೇನ್ ಹೊರಚಿಮ್ಮಿ ಬದುಕಿದರು. ದೇವಯ್ಯ ಮರಳಲಿಲ್ಲ. ನಡೆದದ್ದು ಭಾರತಕ್ಕೆ ತಿಳಿದದ್ದು 1979ರಲ್ಲಿ ಬ್ರಿಟಿಷ್ ಲೇಖಕ ಜಾನ್ ಫ್ರಿಕರ್ ಬರೆದ ಪುಸ್ತಕದಿಂದ. 1988ರಲ್ಲಿ ಅವರಿಗೆ ಮರಣೋತ್ತರ ಮಹಾವೀರ ಚಕ್ರ ಬಂತು. ಮಡಿಕೇರಿಯಲ್ಲಿ ಅವರ ಹೆಸರಿನ ವೃತ್ತವಿದೆ. ಅದೇ ಯುದ್ಧದಲ್ಲಿ ಕೊಡಗಿನ ಕೆ.ಸಿ. ಕಾರ್ಯಪ್ಪ ಹಾರಿಸುತ್ತಿದ್ದದ್ದು ರೋಲ್ಸ್ ರಾಯ್ಸ್ 'ಏವನ್' ಎಂಜಿನ್ನಿನ ಹಂಟರ್. ಅದು ನೆಲದಿಂದ ಬಂದ ಗುಂಡೇಟಿಗೆ ಉರುಳಿ ಅವರು ಸೆರೆಯಾದರು.

ಎಂಜಿನ್ ಕಂಪನಿಗಳ ಕಥೆ ಅಲ್ಲಿಗೆ ನಿಲ್ಲಲಿಲ್ಲ. ಸೆಗೆಂ ಸೋದರರ ನೋಮ್ 1915ರಲ್ಲಿ ಎದುರಾಳಿ 'ಲೆ ರೋನ್' ಜೊತೆ ಕೂಡಿತ್ತು. ಆ ಸಂಸ್ಥೆಯನ್ನು ಫ್ರೆಂಚ್ ಸರ್ಕಾರ 1945ರಲ್ಲಿ ರಾಷ್ಟ್ರೀಕರಿಸಿ ಸ್ನೆಕ್ಮಾ ಎಂದು ಹೆಸರಿಟ್ಟಿತು. ಹಿಸ್ಪಾನೊ-ಸುಯಿಜಾ 1968ರಲ್ಲಿ ಸ್ನೆಕ್ಮಾದ ತೆಕ್ಕೆಗೆ ಬಂತು. 2005ರಲ್ಲಿ ಎಲ್ಲವೂ ಸಾಫ್ರಾನ್ ಆಯಿತು. ಮೊದಲ ಮಹಾಯುದ್ಧದಲ್ಲಿ ಮಲಿಕ್ ಹಾರಿಸಿದ ರೋಟರಿಯ ಮೂಲವೂ ರಾಯ್ ಹಾರಿಸಿದ ವಿ-8ರ ಮೂಲವೂ ಹೀಗೆ ಒಂದೇ ಮನೆ ಸೇರಿದವು. ಧ್ರುವ್, ಪ್ರಚಂಡ್ ಹೆಲಿಕಾಪ್ಟರುಗಳ 'ಶಕ್ತಿ' ಎಂಜಿನ್ನನ್ನು ಎಚ್‌ಎಎಲ್ ಬೆಂಗಳೂರಿನಲ್ಲಿ ತಯಾರಿಸುತ್ತಿರುವುದು ಸಾಫ್ರಾನ್ ಜೊತೆಗೂಡಿ. ರೈಲಾಗಲಿ ವಿಮಾನ ನಿಲ್ದಾಣವಾಗಲಿ ಇಲ್ಲದ ಕೊಡಗಿನಿಂದ, ಅದರಲ್ಲೂ ವಿರಾಜಪೇಟೆ ಕಡೆಯಿಂದ, ಜನ ವಿಮಾನ ಹಿಡಿಯಲು ಹೋಗುವ ಕಣ್ಣೂರಿನಲ್ಲಿ ಇಳಿಯುವ ಬೋಯಿಂಗ್ 737 ವಿಮಾನಗಳ ಎಂಜಿನ್ನುಗಳಲ್ಲೂ ಅದೇ ಸಾಫ್ರಾನಿನ ಅರ್ಧ ಪಾಲಿದೆ. ಇನ್ನರ್ಧ ಅಮೆರಿಕದ ಜನರಲ್ ಎಲೆಕ್ಟ್ರಿಕ್‌ನದು, ಸರ್ಗೋಧಾ ದಾಳಿಯ ದಿನ ಬಿದ್ದ ಸ್ಟಾರ್‌ಫೈಟರಿನ ಜೆ-79 ಎಂಜಿನ್ ಮಾಡಿದ ಕಂಪನಿಯದು.